ಗುಡ್ಡದ ಹಾದಿಯ ಜೀಪೂ ಧ್ವನಿವರ್ಧಕವೂ

ಉಡುಪಿಯಿಂದ ಆಗುಂಬೆಯ ಕಡೆಗೆ ಹೊರಟವರಿಗೆ ಬಯಲು ಮುಗಿದು ಘಟ್ಟ ಸಮೀಪಿಸಿತೆಂಬುದರ ಸೂಚನೆ ಹೆಬ್ರಿಯಲ್ಲಿ ದೊರೆಯುತ್ತದೆ. ಇಂದು ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಒಂದು ಮಗ್ಗುಲಿಗೆ ಕರಾವಳಿ, ಇನ್ನೊಂದು ಮಗ್ಗುಲಿಗೆ ಸಹ್ಯಾದ್ರಿಯ ಗೋಡೆ. ಸೋಮೇಶ್ವರ, ನಾಡ್ಪಾಲು, ಕಬ್ಬಿನಾಲೆಗಳ ಕಡೆ ಮನೆಗಳು ಒತ್ತಾಗಿ ಒಂದೆಡೆ ಕೂಡಿಕೊಂಡಿರುವುದಿಲ್ಲ. ತೋಟಕ್ಕೊಂದು, ಗುಡ್ಡದ ಬದಿಗೊಂದು ಎಂಬಂತೆ ಚದುರಿಕೊಂಡಿರುತ್ತವೆ. ಡಾಮರು ರಸ್ತೆಯನ್ನು ಬಿಟ್ಟೊಡನೆ ಕೆಮ್ಮಣ್ಣಿನ ಏರು, ಕಲ್ಲಿನ ಇಳಿಜಾರು, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳು ಎದುರಾಗುತ್ತವೆ. ಇಂಥ ನೆಲದಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಹಂಚಿಕೊಡುವ ಜೀಪು ಶೋಕಿಯ ವಸ್ತುವಲ್ಲ, ದಿನಬಳಕೆಯ ಅಗತ್ಯ.

ಈ ಜೀಪಿಗೆ ಆಂಪ್ಲಿಫೈಯರನ್ನೂ ಉತ್ತಮ ಸ್ಪೀಕರುಗಳನ್ನೂ ಅಳವಡಿಸಬೇಕೆಂಬ ಅಪೇಕ್ಷೆ ಎರಡು ಕಾರಣಗಳಿಂದ ಹುಟ್ಟುತ್ತದೆ. ಮೊದಲನೆಯದು, ಒಳಗೆ ಕುಳಿತವರು ಸಂಗೀತವನ್ನೋ ಯಕ್ಷಗಾನದ ಧ್ವನಿಮುದ್ರಿಕೆಯನ್ನೋ ಕೇಳಬೇಕೆಂಬುದು. ಎರಡನೆಯದು, ಹೊರಗಿರುವವರಿಗೆ ಸುದ್ದಿಯನ್ನು ಸಾರಬೇಕೆಂಬುದು. ಮೇಳದ ಆಟ, ಊರಿನ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಆರೋಗ್ಯ ಶಿಬಿರ, ಚುನಾವಣೆ ಇವೆಲ್ಲವನ್ನೂ ವಾಹನದ ಮೇಲಿನ ಧ್ವನಿವರ್ಧಕದ ಮೂಲಕ ಸಾರುವ ಪದ್ಧತಿ ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಿದ್ಯುತ್ತು ನಿಂತು, ದೂರವಾಣಿಯ ಸಂಕೇತವೂ ಸಿಗದ ಮಳೆಯ ದಿನಗಳಲ್ಲಿ ತೀರದವರನ್ನು ಎಚ್ಚರಿಸಲು ಇದಕ್ಕಿಂತ ಸುಲಭವಾದ ಸಾಧನ ಮತ್ತೊಂದಿಲ್ಲ.

ವಿದ್ಯಾಸಂಸ್ಥೆಗಳಿಗೆ ವಾಹನವನ್ನೋ 'ಮೈಕ್ ಸೆಟ್ಟ'ನ್ನೋ ಕೊಡುಗೆಯಾಗಿ ನೀಡುವ ದಾನಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅದನ್ನು ಬಳಸುವ ಹೊಣೆ ಅಧ್ಯಾಪಕರ ಮೇಲೆ ಬೀಳುತ್ತದೆ. ಆದ್ದರಿಂದ ಈ ವ್ಯವಸ್ಥೆಯ ಮೂಲತತ್ತ್ವಗಳನ್ನು ತಿಳಿದುಕೊಳ್ಳುವುದು ಉಭಯರಿಗೂ ಪ್ರಯೋಜನಕರ. ಹೆಬ್ರಿಯ ಹಾದಿಯನ್ನು ಇಲ್ಲಿ ನಿದರ್ಶನವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿಷ್ಟೆ: ಅಲ್ಲಿಯ ಮಳೆ, ಏರಿಳಿತ, ಕಾಡು ಇವುಗಳನ್ನು ತಾಳಿಕೊಂಡ ಅಳವಡಿಕೆ ನಾಡಿನ ಬೇರೆ ಯಾವ ಭಾಗದಲ್ಲಾದರೂ ತಾಳಿಕೊಂಡೀತು.

ಎರಡು ಸಾಧನಗಳು ಕೂಡಿದ ಬಗೆ

ಜೀಪು ಎರಡನೆಯ ಮಹಾಯುದ್ಧದ ಶಿಶು. ಯುದ್ಧಕಾಲದ ವಿಲೀಸ್ ಜೀಪಿನ ವಿದ್ಯುತ್ ವ್ಯವಸ್ಥೆ ೬ ವೋಲ್ಟಿನದು. ದೀಪ ಉರಿಸಿ ಎಂಜಿನ್ನನ್ನು ಚಾಲೂ ಮಾಡುವುದಷ್ಟೇ ಅದರ ಕೆಲಸ. ಭಾರತದಲ್ಲಿ ಮಹೀಂದ್ರ ಸಂಸ್ಥೆಯು ೧೯೪೭ರಲ್ಲಿ ಈ ವಾಹನದ ಜೋಡಣೆಯನ್ನು ಆರಂಭಿಸಿತು. ಅದೇ ಪರಂಪರೆಯಲ್ಲಿ ೨೦೧೦ರಲ್ಲಿ 'ಥಾರ್' ಬಂದಿತು. ೨೦೨೦ರಲ್ಲಿ ಅದರ ಹೊಸ ಆವೃತ್ತಿ ಹೊರಬಂದಾಗ ಸ್ಪೀಕರುಗಳು ಚಾವಣಿಗೇ ಸೇರಿಕೊಂಡು ಬಂದವು. ಕಾರ್ಖಾನೆಯವರೇ ಸ್ಪೀಕರನ್ನು ಮೇಲಕ್ಕೆ ಏರಿಸಿದ್ದರಲ್ಲಿ ಒಂದು ವಿವೇಕವಿದೆ. ಅದು ಮುಂದೆ ತಿಳಿದುಬರುತ್ತದೆ.

ಇತ್ತ ಧ್ವನಿಯ ಕಡೆ ನೋಡಿದರೆ, ಇಂದಿಗೂ ಬಳಕೆಯಲ್ಲಿರುವ ಸುರುಳಿ ಮತ್ತು ಶಂಕುವಿನ ಸ್ಪೀಕರಿನ ಮಾದರಿಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ೧೯೨೫ರಲ್ಲಿ ಪ್ರಕಟಿಸಿದರು. ಅಯಸ್ಕಾಂತದ ನಡುವೆ ತೂಗಿಬಿಟ್ಟ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಸುರುಳಿಗೆ ಅಂಟಿಸಿದ ಕಾಗದದ ಶಂಕುವು ಗಾಳಿಯನ್ನು ತಳ್ಳಿ ಶಬ್ದವನ್ನು ಹುಟ್ಟಿಸುತ್ತದೆ. ಸುಮಾರು ಒಂದು ಶತಮಾನ ಕಳೆದರೂ ಈ ತತ್ತ್ವ ಬದಲಾಗಿಲ್ಲ.

ಜೀಪಿನಲ್ಲಿ ಧ್ವನಿಗೆ ಇರುವ ತೊಡಕು

ಮುಚ್ಚಿದ ಕಾರಿನಲ್ಲಿ ಸಾಮಾನ್ಯ ಸ್ಪೀಕರು ಕೂಡ ಸೊಗಸಾಗಿ ನುಡಿಯುತ್ತದೆ. ಅದೇ ಸ್ಪೀಕರನ್ನು ಜೀಪಿನಲ್ಲಿ ಕೂರಿಸಿದಾಗ ಧ್ವನಿ ಸಪ್ಪೆಯಾಗುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಮಂದ್ರಸ್ವರದ ನಷ್ಟ. ಮುಚ್ಚಿದ ಪೆಟ್ಟಿಗೆಯಂಥ ಕಾರಿನೊಳಗೆ ಮಂದ್ರಸ್ವರಗಳ ಒತ್ತಡ ಹೊರಗೆ ಸೋರದೆ ಕೂಡಿಕೊಳ್ಳುತ್ತದೆ. ಕ್ಯಾನ್ವಾಸಿನ ಹೊದಿಕೆ ಅದನ್ನು ತಡೆಯಲಾರದು. ಯಕ್ಷಗಾನದ ಧ್ವನಿಮುದ್ರಿಕೆಯನ್ನು ಹಾಕಿದಾಗ ಚೆಂಡೆಯ ಪೆಟ್ಟು, ತಾಳದ ನಾದ ಕೇಳಿಸಿದರೂ ಮದ್ದಳೆಯ ತುಂಬುನಾದ ಮಾಯವಾಗುವುದು ಇದರಿಂದಲೇ.

ಎರಡನೆಯದು, ವಾಹನದ ಸ್ವಂತ ಶಬ್ದ. ಡೀಸೆಲ್ ಎಂಜಿನ್ನು, ಗೇರುಪೆಟ್ಟಿಗೆ, ಅಗಲವಾದ ಟೈರು, ಗಾಳಿಗೆ ಬಡಿಯುವ ಹೊದಿಕೆ ಇವೆಲ್ಲ ಸೇರಿ ತಗ್ಗಿದ ಸ್ಥಾಯಿಯ ಗುಂಯ್‌ಗಾರವನ್ನು ಉಂಟುಮಾಡುತ್ತವೆ. ತಗ್ಗಿನ ಸ್ಥಾಯಿಯ ಗದ್ದಲವು ತನಗಿಂತ ಮೇಲಿನ ಸ್ಥಾಯಿಯ ಸ್ವರಗಳನ್ನು ಕಿವಿಗೆ ಮರೆಮಾಡುತ್ತದೆಂಬುದು ಶ್ರವಣಶಾಸ್ತ್ರದ ಪ್ರಸಿದ್ಧ ಸಂಗತಿ. ಮಾತಿನಲ್ಲಿ ಸ್ವರಾಕ್ಷರಗಳು ಬಲವಾಗಿರುತ್ತವೆ. ಅರ್ಥವನ್ನು ಬೇರ್ಪಡಿಸಿ ತೋರುವ ವ್ಯಂಜನಗಳು ದುರ್ಬಲ. 'ಕಾಡು', 'ಹಾಡು', 'ಮಾಡು' ಎಂಬ ಮೂರು ಪದಗಳ ಭೇದವೆಲ್ಲ ಮೊದಲ ವ್ಯಂಜನವೊಂದರಲ್ಲಿಯೇ ಅಡಗಿದೆ. ಆ ವ್ಯಂಜನ ಮರೆಯಾದರೆ ಮಾತಿನ ಶಬ್ದ ಕೇಳಿಸುತ್ತದೆ, ಅರ್ಥ ಕೇಳಿಸುವುದಿಲ್ಲ.

ಮೂರನೆಯದು, ಸ್ಪೀಕರನ್ನು ಕೂರಿಸಲು ತಕ್ಕ ಜಾಗದ ಅಭಾವ. ಶಂಕುವಿನ ಮುಂಭಾಗದಿಂದ ಹೊರಡುವ ಅಲೆಗೂ ಹಿಂಭಾಗದಿಂದ ಹೊರಡುವ ಅಲೆಗೂ ವಿರುದ್ಧ ದಿಕ್ಕಿನ ಒತ್ತಡವಿರುತ್ತದೆ. ಎರಡರ ನಡುವೆ ಗೋಡೆಯಿಲ್ಲದಿದ್ದರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಕಾರಿನಲ್ಲಿ ಬಾಗಿಲೇ ಈ ಗೋಡೆಯಾಗುತ್ತದೆ. ಕ್ಯಾನ್ವಾಸ್ ಬಾಗಿಲಿನ ಹಳೆಯ ಜೀಪಿಗೆ ಆ ಅನುಕೂಲವಿಲ್ಲದ್ದರಿಂದ ಪ್ರತಿ ಸ್ಪೀಕರಿಗೂ ಸಣ್ಣದೊಂದು ಮುಚ್ಚಿದ ಪೆಟ್ಟಿಗೆಯನ್ನು ಮಾಡಿಕೊಡುವುದು ಉಚಿತ.

ಪೆಟ್ಟಿಗೆಯ ಮೇಲೆ ಅಚ್ಚಾದ ವಾಟ್

ಅಂಗಡಿಯಲ್ಲಿ ದೊರೆಯುವ ಕಾರ್ ಸ್ಟೀರಿಯೊಗಳ ಪೆಟ್ಟಿಗೆಯ ಮೇಲೆ '೫೦ ವಾಟ್ × ೪' ಎಂದು ಅಚ್ಚಾಗಿರುವುದನ್ನು ಓದುಗರು ನೋಡಿರಬಹುದು. ಇಷ್ಟು ಶಕ್ತಿಯಿರುವಾಗ ಬೇರೆ ಆಂಪ್ಲಿಫೈಯರು ಏಕೆ ಬೇಕೆಂಬ ಪ್ರಶ್ನೆ ಸಹಜ. ಪ್ರೌಢಶಾಲೆಯ ಗಣಿತದಿಂದಲೇ ಇದಕ್ಕೆ ಉತ್ತರ ದೊರೆಯುತ್ತದೆ.

ಎಂಜಿನ್ನು ಓಡುತ್ತಿರುವಾಗ ವಾಹನದ ವೋಲ್ಟೇಜು ಹೆಚ್ಚೆಂದರೆ ೧೪.೪. ಸ್ಟೀರಿಯೊ ತನ್ನ ಸ್ಪೀಕರಿಗೆ ಕೊಡಬಲ್ಲ ಅಲೆಯ ಶಿಖರವೂ ಅಷ್ಟೇ. ನಯವಾದ ಅಲೆಯ ಶಿಖರವನ್ನು ೧.೪೧ರಿಂದ ಭಾಗಿಸಿದರೆ ಅದರ ಪರಿಣಾಮಕಾರಿ ಬೆಲೆ ಸುಮಾರು ೧೦.೨ ವೋಲ್ಟ್. ಇದರ ವರ್ಗ ೧೦೪. ಸ್ಪೀಕರಿನ ರೋಧವಾದ ೪ ಓಮ್‌ನಿಂದ ಭಾಗಿಸಿದರೆ ೨೬ ವಾಟ್. ಒಳಗಿನ ನಷ್ಟಗಳನ್ನು ಕಳೆದರೆ ಉಳಿಯುವುದು ೨೦ ವಾಟಿನ ಆಸುಪಾಸು. ಹಾಗಾದರೆ ೫೦ ಎಂಬ ಸಂಖ್ಯೆ ಎಲ್ಲಿಂದ ಬಂತು? ೧೪.೪ರ ವರ್ಗವನ್ನು ನೇರವಾಗಿ ೪ರಿಂದ ಭಾಗಿಸಿ ನೋಡಿ: ೫೨ ಬರುತ್ತದೆ. ಎಂದರೆ ಅಲೆಯ ನೆತ್ತಿಯನ್ನು ಪೂರ್ತಿಯಾಗಿ ಕತ್ತರಿಸಿ ಚಪ್ಪಟೆ ಮಾಡಿದಾಗ, ಕೇಳಲಾಗದಷ್ಟು ಕರ್ಕಶವಾದ ಸ್ಥಿತಿಯಲ್ಲಿ, ಸಿಗುವ ಶಕ್ತಿಯದು. ಅಚ್ಚಾದದ್ದು ಸುಳ್ಳಲ್ಲವಾದರೂ ಸಂಗೀತಕ್ಕಾಗಲಿ ಮಾತಿಗಾಗಲಿ ಒದಗುವ ಸತ್ಯವೂ ಅಲ್ಲ.

ಶುದ್ಧವಾದ ೫೦ ವಾಟ್ ಬೇಕಾದರೆ ೪ ಓಮ್ ಸ್ಪೀಕರಿಗೆ ೨೦ ವೋಲ್ಟಿನ ಶಿಖರವನ್ನು ಒದಗಿಸಬೇಕು. ಪ್ರತ್ಯೇಕ ಆಂಪ್ಲಿಫೈಯರಿನೊಳಗೆ ವಾಹನದ ವೋಲ್ಟೇಜನ್ನು ಏರಿಸಿಕೊಡುವ ಮಂಡಲವೊಂದಿರುತ್ತದೆ. ಅದರ ಬೆಲೆಯ ಬಹುಭಾಗ ಸಲ್ಲುವುದು ಈ ಏರಿಕೆಗಾಗಿಯೇ. ಕೊಳ್ಳುವವರು ಗಮನಿಸಬೇಕಾದದ್ದು ಗರಿಷ್ಠ ವಾಟನ್ನಲ್ಲ; ನಿರಂತರವಾಗಿ, ವಿಕೃತಿಯಿಲ್ಲದೆ ಕೊಡಬಲ್ಲ ವಾಟ್ ಎಷ್ಟು, ಅದು ಎಷ್ಟು ಓಮ್ ಸ್ಪೀಕರಿಗೆ ಎಂಬುದನ್ನು.

ಸ್ಪೀಕರಿನ ಆಯ್ಕೆ

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಮಟ್ಟ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಗಟ್ಟಿಯಾಗಿ ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು, ಎಂದರೆ ಶಕ್ತಿ ಹತ್ತು ಮಡಿಯಾಗಬೇಕು. ಪ್ರತಿ ಸ್ಪೀಕರಿನ ವಿವರಪತ್ರದಲ್ಲಿಯೂ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಹುಟ್ಟುತ್ತದೆಂಬ ಉಲ್ಲೇಖವಿರುತ್ತದೆ. ೮೭ ಡೆಸಿಬೆಲಿನ ಸ್ಪೀಕರಿನ ಬದಲು ೯೦ ಡೆಸಿಬೆಲಿನದನ್ನು ಆರಿಸಿಕೊಂಡವನು ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿಕೊಂಡಷ್ಟೇ ಲಾಭವನ್ನು, ಬ್ಯಾಟರಿಗೆ ಹೊರೆಯಾಗದಂತೆ, ಪಡೆಯುತ್ತಾನೆ. ಗದ್ದಲದ ಜೀಪಿಗೆ ಈ ಸಂಖ್ಯೆಯೇ ಮುಖ್ಯ.

ಒಳಗಿನ ಶ್ರವಣಕ್ಕೆ ಆರೂವರೆ ಅಂಗುಲದ ಎರಡು ಅಥವಾ ನಾಲ್ಕು ಸ್ಪೀಕರುಗಳು ಸಾಕು. ಅವುಗಳನ್ನು ಕಾಲಿನ ಬಳಿ ಕೂರಿಸಿದರೆ ಕೆಸರು ಸಿಡಿಯುತ್ತದೆ, ಧ್ವನಿ ಮೊಣಕಾಲಿಗೆ ತಾಗಿ ನಿಲ್ಲುತ್ತದೆ. ಚಾವಣಿಯ ಕಂಬಿಗೆ ಬಿಗಿದು ಕಿವಿಯ ಕಡೆಗೆ ತಿರುಗಿಸಿದರೆ ಅಲ್ಪ ಶಕ್ತಿಯಲ್ಲಿಯೇ ವ್ಯಂಜನಗಳು ಸ್ಪಷ್ಟವಾಗುತ್ತವೆ. ಸ್ಪೀಕರನ್ನು ಚಾವಣಿಗೆ ಏರಿಸುವುದರಲ್ಲಿರುವ ವಿವೇಕವೆಂದು ಮೊದಲು ಹೇಳಿದ್ದು ಇದನ್ನೇ.

ಹೊರಗೆ ಸಾರಲು ಬಳಸುವುದು ಕಹಳೆಯಾಕಾರದ ಹಾರ್ನ್ ಸ್ಪೀಕರು. ಇದರ ಸಾಮರ್ಥ್ಯ ಆಶ್ಚರ್ಯಕರ. ಒಂದು ವಾಟಿಗೆ ಸುಮಾರು ೧೦೮ ಡೆಸಿಬೆಲ್ ಕೊಡುವ ಹಾರ್ನುಗಳು ಸಾಮಾನ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ೬ ಡೆಸಿಬೆಲ್ ಇಳಿಯುವುದರಿಂದ, ಒಂದು ಮೀಟರಿನಿಂದ ನೂರು ಮೀಟರಿಗೆ ಹೋದಾಗ ಇಳಿಯುವುದು ೪೦ ಡೆಸಿಬೆಲ್. ಆದಕಾರಣ ಒಂದೇ ಒಂದು ವಾಟ್ ಕೊಟ್ಟರೂ ಹಾರ್ನಿನ ನೇರಕ್ಕೆ ನೂರು ಮೀಟರ್ ದೂರದಲ್ಲಿ ೬೮ ಡೆಸಿಬೆಲ್ ಉಳಿದಿರುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತಿನ ಮಟ್ಟ ಸುಮಾರು ೬೦. ನಿಶ್ಶಬ್ದವಾದ ತೋಟದ ಮನೆಗೆ ಸುದ್ದಿ ಮುಟ್ಟಿಸಲು ನೂರಾರು ವಾಟ್ ಬೇಕೆಂಬ ಭಾವನೆ ಎಷ್ಟು ನಿರಾಧಾರವೆಂಬುದು ಇದರಿಂದ ತಿಳಿಯುತ್ತದೆ. ಹಾರ್ನು ಮಂದ್ರಸ್ವರವನ್ನು ನುಡಿಯಲಾರದು. ಅದು ಮಾತಿಗೆಂದೇ ಇರುವ ಸಾಧನ. ಸಂಗೀತದ ಸ್ಪೀಕರನ್ನು ಹೊರಗೆ ಸಾರಲೂ ಹಾರ್ನನ್ನು ಒಳಗೆ ಹಾಡು ಕೇಳಲೂ ಬಳಸಿದರೆ ಎರಡೂ ಕೆಡುತ್ತವೆ.

೧೬ ಓಮ್‌ನ ಎರಡು ಹಾರ್ನುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ೮ ಓಮ್ ಆಗುತ್ತದೆ. ಆಗ ಆಂಪ್ಲಿಫೈಯರಿನ ಹಿಂಬದಿಯಲ್ಲಿ ೮ ಎಂದು ಗುರುತಿಸಿದ ತುದಿಗೇ ಅವನ್ನು ಸೇರಿಸಬೇಕು. ಈ ಹೊಂದಾಣಿಕೆ ತಪ್ಪಿದರೆ ಆಂಪ್ಲಿಫೈಯರು ಬಿಸಿಯೇರಿ ಕೆಡುವ ಸಂಭವವುಂಟು.

ತಂತಿ, ಫ್ಯೂಸು, ಭೂಸಂಪರ್ಕ

ಇನ್ನು ಅಳವಡಿಕೆಯ ವಿಷಯ. ತಲಾ ೫೦ ವಾಟಿನ ನಾಲ್ಕು ಮಾರ್ಗಗಳಿರುವ ಆಂಪ್ಲಿಫೈಯರು ಪೂರ್ಣಶಕ್ತಿಯಲ್ಲಿ ೨೦೦ ವಾಟನ್ನು ಹೊರಗೆ ಕೊಡುತ್ತದೆ. ಅದರ ದಕ್ಷತೆ ಶೇಕಡ ೬೦ ಎಂದು ಹಿಡಿದರೆ ಒಳಗೆ ತೆಗೆದುಕೊಳ್ಳುವುದು ಸುಮಾರು ೩೩೩ ವಾಟ್, ೧೩.೮ ವೋಲ್ಟಿನಲ್ಲಿ ಇದು ೨೪ ಆಂಪಿಯರ್ ಪ್ರವಾಹ. ಎರಡು ಹೆಡ್‌ಲೈಟುಗಳು ಕೂಡಿ ಎಳೆಯುವುದು ೯-೧೦ ಆಂಪಿಯರ್ ಮಾತ್ರವೆಂಬುದನ್ನು ನೆನೆದರೆ ಈ ಪ್ರವಾಹದ ಗಾತ್ರ ಮನಸ್ಸಿಗೆ ಬರುತ್ತದೆ. ಡಿ ವರ್ಗದ ಆಂಪ್ಲಿಫೈಯರುಗಳ ದಕ್ಷತೆ ಶೇಕಡ ೮೦ಕ್ಕೂ ಮಿಕ್ಕಿರುವುದರಿಂದ ಅವು ಇದಕ್ಕಿಂತ ಕಡಿಮೆ ಎಳೆಯುತ್ತವೆ, ಕಡಿಮೆ ಕಾಯುತ್ತವೆ.

ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ೫ ಮೀಟರ್ ತಂತಿ ಬೇಕೆಂದಿಟ್ಟುಕೊಳ್ಳೋಣ. ೪ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ೨೪ ಆಂಪಿಯರ್ ಹರಿದಾಗ ಅದರಲ್ಲಿಯೇ ಅರ್ಧ ವೋಲ್ಟ್ ನಷ್ಟವಾಗುತ್ತದೆ, ತಂತಿ ಬೆಚ್ಚಗಾಗುತ್ತದೆ. ೧೦ ಚದರ ಮಿಲಿಮೀಟರಿನದಾದರೆ ನಷ್ಟ ೦.೨ ವೋಲ್ಟಿಗೆ ಇಳಿಯುತ್ತದೆ. ದೊಡ್ಡ ಆಂಪ್ಲಿಫೈಯರನ್ನು ಕೊಂಡು ತಂತಿಯಲ್ಲಿ ಉಳಿತಾಯ ಮಾಡುವುದು ದೊಡ್ಡ ಕೆರೆಗೆ ಸಣ್ಣ ತೂಬು ಇಟ್ಟಂತೆ. ಶುದ್ಧ ತಾಮ್ರದ್ದೆಂದು ಹೇಳಿ ಅಲ್ಯುಮಿನಿಯಂ ಎಳೆಗೆ ತಾಮ್ರ ಲೇಪಿಸಿದ ತಂತಿಯನ್ನು ಮಾರುವುದೂ ಉಂಟು. ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗಿನ ಬಿಳುಪು ಕಾಣುತ್ತದೆ.

ಫ್ಯೂಸಿನ ಸ್ಥಾನ ಅತಿ ಮುಖ್ಯ. ಅದು ಆಂಪ್ಲಿಫೈಯರಿನ ಬಳಿಯಲ್ಲ, ಬ್ಯಾಟರಿಯ ಧನ ತುದಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಫ್ಯೂಸು ಕಾಯುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು. ಗುಡ್ಡದ ಹಾದಿಯ ಅಲುಗಾಟದಲ್ಲಿ ತಂತಿಯ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಹರಿದರೆ ಬ್ಯಾಟರಿಯ ನೂರಾರು ಆಂಪಿಯರ್ ಅಲ್ಲಿಂದ ಹರಿದು, ತಂತಿ ಕೆಂಪಾಗಿ ಬೆಂಕಿ ಹೊತ್ತುತ್ತದೆ. ಫ್ಯೂಸು ದೂರದಲ್ಲಿದ್ದರೆ ಅದಕ್ಕೆ ಇದರ ಸುಳಿವೂ ಸಿಗುವುದಿಲ್ಲ. ಮೇಲೆ ಹೇಳಿದ ವ್ಯವಸ್ಥೆಗೆ ೩೦ ಅಥವಾ ೪೦ ಆಂಪಿಯರಿನ ಫ್ಯೂಸು ತಕ್ಕದ್ದು. ಎಂಜಿನ್ ಕೋಣೆಯಿಂದ ತಂತಿ ಒಳಬರುವ ತೂತಿಗೆ ರಬ್ಬರಿನ ಬಳೆಯನ್ನು ತೊಡಿಸಲೇಬೇಕು. ಐದಾರು ರೂಪಾಯಿಯ ಈ ಬಳೆ ಒಂದು ವಾಹನವನ್ನು ಉಳಿಸಬಲ್ಲದು.

ಕೆಲಸದ ಕ್ರಮ ಹೀಗಿರತಕ್ಕದ್ದು. ಮೊಟ್ಟಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಬೇಕು. ಧನ ತಂತಿಯನ್ನು ವಾಹನದ ಒಂದು ಬದಿಯಿಂದಲೂ, ಸ್ಟೀರಿಯೊದಿಂದ ಬರುವ ಸಂಕೇತದ ತಂತಿಯನ್ನು ಇನ್ನೊಂದು ಬದಿಯಿಂದಲೂ ಒಯ್ಯಬೇಕು. ಎರಡೂ ಜೊತೆಯಾಗಿ ಸಾಗಿದರೆ ಎಂಜಿನ್ನಿನ ವೇಗದೊಡನೆ ಏರಿಳಿಯುವ ಸಿಳ್ಳಿನಂಥ ಕಿರುಗುಟ್ಟುವಿಕೆ ಸ್ಪೀಕರಿನಲ್ಲಿ ಸೇರಿಕೊಳ್ಳುತ್ತದೆ. ಭೂಸಂಪರ್ಕದ ತಂತಿ ಗಿಡ್ಡವಾಗಿರಬೇಕು. ಅದನ್ನು ಬಿಗಿಯುವ ಕಡೆ ಬಣ್ಣವನ್ನೂ ತುಕ್ಕನ್ನೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆದು, ಬಿಗಿದ ಮೇಲೆ ಗ್ರೀಸು ಬಳಿಯಬೇಕು. ಸ್ಟೀರಿಯೊ ಚಾಲೂ ಆದಾಗ ಮಾತ್ರ ಆಂಪ್ಲಿಫೈಯರನ್ನು ಎಚ್ಚರಿಸುವ ತೆಳು ತಂತಿಯೊಂದಿರುತ್ತದೆ. ಅದನ್ನು ಬಿಟ್ಟು ನೇರ ಜೋಡಣೆ ಮಾಡಿದರೆ ರಾತ್ರಿಯಿಡೀ ಬ್ಯಾಟರಿ ಸೋರುತ್ತದೆ. ಕಾರ್ಖಾನೆಯ ಮೂಲ ತಂತಿಗಳನ್ನು ಕತ್ತರಿಸದೆ, ತಕ್ಕ ಕಪ್ಲರುಗಳನ್ನು ತಂದು ಜೋಡಿಸುವುದು ಲೇಸು.

ಸ್ಪೀಕರಿನ ಧನ-ಋಣ ತುದಿಗಳನ್ನು ಅದಲುಬದಲು ಮಾಡಬಾರದು. ಒಂದು ಶಂಕುವು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದರೆ, ಮೊದಲೇ ಕ್ಷೀಣವಾಗಿರುವ ಮಂದ್ರಸ್ವರ ಪೂರ್ತಿ ಅಳಿಯುತ್ತದೆ. ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಸಾಮಾನ್ಯ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಬಹುದು. ಶಂಕುವು ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿ ತಾಗಿದ ಕಡೆಯೇ ಸ್ಪೀಕರಿನ ಧನ. ವಿಜ್ಞಾನದ ತರಗತಿಯಲ್ಲಿ ಮಕ್ಕಳಿಂದ ಮಾಡಿಸಲು ಯೋಗ್ಯವಾದ ಪ್ರಯೋಗವಿದು.

ಮಳೆ ಮತ್ತು ಅಲುಗಾಟ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ; ಘಟ್ಟದ ಬುಡದಲ್ಲಿರುವ ಹೆಬ್ರಿಯೂ ಅದರ ನೆರೆಯಲ್ಲಿಯೇ ಇದೆ. ಇಲ್ಲಿ ನೇರವಾಗಿ ಬೀಳುವ ನೀರಿಗಿಂತ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ತೇವ ಹೆಚ್ಚು ಹಾನಿಕರ. ಕಾಗದದ ಶಂಕುವು ಬೂಷ್ಟು ಹಿಡಿದು ಮೆತ್ತಗಾಗುತ್ತದೆ, ಬರಿಯ ತಾಮ್ರ ಹಸುರುಗಟ್ಟುತ್ತದೆ. ಪಾಲಿಪ್ರೊಪಿಲೀನ್ ಶಂಕು ಮತ್ತು ರಬ್ಬರಿನ ಅಂಚು ಇರುವ, ದೋಣಿಗಳಲ್ಲಿ ಬಳಸಲೆಂದು ತಯಾರಿಸಿದ ಸ್ಪೀಕರುಗಳು ಬೆಲೆಯಲ್ಲಿ ತುಸು ಹೆಚ್ಚಾದರೂ ಬಾಳಿಕೆಯಲ್ಲಿ ಲಾಭಕರ. ತವರ ಲೇಪಿಸಿದ ತಾಮ್ರದ ತಂತಿಯೂ ಹಾಗೆಯೇ.

ಆಂಪ್ಲಿಫೈಯರನ್ನು ನೆಲದ ತಗಡಿಗೆ ಬಿಗಿಯಬಾರದು. ಹಳ್ಳ ದಾಟುವಾಗ ನೀರು ಮೊದಲು ಬರುವುದು ಅಲ್ಲಿಗೆ. ಆಸನದ ಕೆಳಗೆ, ನೆಲದಿಂದ ಮೂರು-ನಾಲ್ಕು ಅಂಗುಲ ಎತ್ತರದ ಚೌಕಟ್ಟಿನ ಮೇಲೆ, ರಬ್ಬರಿನ ಒತ್ತು ಕೊಟ್ಟು ಬಿಗಿಯುವುದು ಯುಕ್ತ; ಬಿಸಿ ಹೊರಹೋಗಲು ಸುತ್ತ ಗಾಳಿಯಾಡಬೇಕು. ಚಿಮ್ಮುವ ಹನಿಯನ್ನು ತಾಳಬಲ್ಲ ಸಾಧನವನ್ನು ನೀರಿನಲ್ಲಿ ಮುಳುಗಿಸಿದರೂ ತಾಳೀತೆಂದು ಭಾವಿಸಬಾರದು. ಹಾರ್ನುಗಳನ್ನು ಚಾವಣಿಯ ಮೇಲೆ ಕೂರಿಸುವಾಗ ಬಾಯಿ ತುಸು ಕೆಳಮುಖವಾಗಿದ್ದರೆ ಮಳೆನೀರು ಒಳಗೆ ನಿಲ್ಲುವುದಿಲ್ಲ. ಎಲ್ಲ ನಟ್ಟುಗಳಿಗೂ ಸ್ಪ್ರಿಂಗ್ ವಾಷರು ಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಲ್ಲ ಜೋಡಣೆಗಳನ್ನೂ ಬಿಚ್ಚಿ ನೋಡಿ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಬ್ಯಾಟರಿಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಬ್ಯಾಟರಿಗೆ ಅಕ್ಷರಶಃ ಅನ್ವಯಿಸುತ್ತದೆ. ೬೦ ಆಂಪಿಯರ್-ಗಂಟೆಯ ಬ್ಯಾಟರಿಯಿಂದ, ಎಂಜಿನ್ನು ನಿಂತಿರುವಾಗ, ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬಾರದು. ಡೀಸೆಲ್ ಎಂಜಿನ್ನನ್ನು ಮತ್ತೆ ಎಬ್ಬಿಸಲು ನೂರಾರು ಆಂಪಿಯರ್ ಬೇಕು. ಮಾತಿನ ನಡುವೆ ಬಿಡುವು ಇರುವುದರಿಂದ ಪ್ರಕಟಣೆಗೆ ಸರಾಸರಿ ೪ ಆಂಪಿಯರ್ ಹಿಡಿದರೆ ಮೂರು ಗಂಟೆಗೆ ೧೨ ಆಂಪಿಯರ್-ಗಂಟೆ ಖರ್ಚು, ಚಿಂತೆಯಿಲ್ಲ. ಅದೇ ಗಟ್ಟಿಯಾದ ಸಂಗೀತಕ್ಕೆ ಸರಾಸರಿ ೧೦ ಆಂಪಿಯರಿನಂತೆ ನಾಲ್ಕು ಗಂಟೆ ಕಳೆದರೆ ೪೦ ಆಂಪಿಯರ್-ಗಂಟೆ ತೀರಿಹೋಗಿ, ಕತ್ತಲಾದ ಮೇಲೆ ಕಾಡಿನ ಅಂಚಿನಲ್ಲಿ ಜೀಪು ಅಲುಗದೆ ನಿಲ್ಲುತ್ತದೆ. ಮಳೆಗಾಲದ ರಾತ್ರಿ ಘಟ್ಟ ಹತ್ತುವಾಗ ಹೆಡ್‌ಲೈಟು, ವೈಪರು, ಗಾಜಿನ ಮಂಜು ತೆಗೆಯುವ ಫ್ಯಾನು ಎಲ್ಲವೂ ಆಲ್ಟರ್ನೇಟರಿನಿಂದಲೇ ಉಣ್ಣಬೇಕು. ಅಂಥ ಹೊತ್ತಿನಲ್ಲಿ ಹಾಡಿನ ಪಾಲು ಕಡೆಯದು.

ಧ್ವನಿಯನ್ನು ಹದಗೊಳಿಸುವುದು

ಆಂಪ್ಲಿಫೈಯರಿನ ಮೇಲಿರುವ 'ಗೇನ್' ತಿರುಪು ಗಟ್ಟಿತನದ ತಿರುಪಲ್ಲ. ಸ್ಟೀರಿಯೊದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವುದು ಅದರ ಕಾರ್ಯ. ಸ್ಟೀರಿಯೊವನ್ನು ಮುಕ್ಕಾಲು ಭಾಗಕ್ಕೆ ಏರಿಸಿ, ಪರಿಚಿತವಾದ ಧ್ವನಿಯೊಂದನ್ನು ಹಾಕಿ, ಗೇನನ್ನು ಮೆಲ್ಲನೆ ಹೆಚ್ಚಿಸುತ್ತ ಧ್ವನಿ ಒಡೆಯತೊಡಗಿದ ಕೂಡಲೆ ತುಸು ಹಿಂದಕ್ಕೆ ತಿರುಗಿಸಿ ಬಿಡಬೇಕು. ಒಡೆದ ಧ್ವನಿಯೆಂದರೆ ನೆತ್ತಿ ಕತ್ತರಿಸಿದ ಅಲೆ. ಅದು ಕಿವಿಗೆ ಕರ್ಕಶವಾಗುವುದಲ್ಲದೆ ಸ್ಪೀಕರಿನ ಸುರುಳಿಯನ್ನು ಸುಡುತ್ತದೆ. ಸುಟ್ಟ ಸ್ಪೀಕರುಗಳಲ್ಲಿ ಹಲವು, ದೊಡ್ಡ ಆಂಪ್ಲಿಫೈಯರಿನಿಂದ ಅಲ್ಲ, ಸಣ್ಣದೊಂದನ್ನು ಅದರ ಶಕ್ತಿಗೆ ಮೀರಿ ದುಡಿಸಿದ್ದರಿಂದ ಸುಟ್ಟವು. ಶಕ್ತಿಯ ಮೀಸಲು ಇರಬೇಕಾದದ್ದು ಬಳಸಿ ಮುಗಿಸಲಿಕ್ಕಲ್ಲ. ಎತ್ತರದ ಸ್ವರವೊಂದು ಬಂದಾಗ ಅಲೆ ಒಡೆಯದಿರಲೆಂದು.

ಸಾರುವ ಕ್ರಮ

ವಾಹನದಿಂದ ಸಾರುವುದಕ್ಕೂ ಒಂದು ಲೆಕ್ಕವಿದೆ. ಗಂಟೆಗೆ ೩೦ ಕಿಲೋಮೀಟರ್ ವೇಗದ ಜೀಪು ಸೆಕೆಂಡಿಗೆ ೮.೩ ಮೀಟರ್ ಸಾಗುತ್ತದೆ. ರಸ್ತೆಯ ಬದಿಯ ಮನೆಯವರಿಗೆ ಜೀಪು ನೂರು ಮೀಟರ್ ಈಚೆಗೆ ಬಂದಲ್ಲಿಂದ ನೂರು ಮೀಟರ್ ಆಚೆಗೆ ಹೋಗುವವರೆಗೆ ಮಾತು ಸ್ಪಷ್ಟವೆಂದು ಹಿಡಿದರೆ, ಅವರಿಗೆ ದೊರೆಯುವ ಕಾಲ ೨೪ ಸೆಕೆಂಡು. ಆದ್ದರಿಂದ ಏನು, ಎಲ್ಲಿ, ಎಂದು, ಎಷ್ಟು ಗಂಟೆಗೆ ಎಂಬ ನಾಲ್ಕು ಅಂಶಗಳೂ ೨೦ ಸೆಕೆಂಡಿನೊಳಗೆ ಮುಗಿಯಬೇಕು. ಅತಿಥಿಗಳ ಬಿರುದಾವಳಿಯಿಂದ ಆರಂಭಿಸಿದರೆ ಸಮಯವನ್ನು ಹೇಳುವ ಹೊತ್ತಿಗೆ ಜೀಪು ಮುಂದಿನ ತಿರುವನ್ನು ದಾಟಿರುತ್ತದೆ. ವೇಗವನ್ನು ೧೫ ಕಿಲೋಮೀಟರಿಗೆ ಇಳಿಸಿದರೆ ಕಾಲ ಇಮ್ಮಡಿಯಾಗುತ್ತದೆ. ಇಮ್ಮಡಿ ವಾಟಿಗಿಂತ ಇದು ಹೆಚ್ಚು ಫಲಕಾರಿ, ಖರ್ಚೂ ಇಲ್ಲ.

ಕಣಿವೆಯಲ್ಲಿ ಪ್ರತಿಧ್ವನಿಯ ತೊಡಕೂ ಇದೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುವುದರಿಂದ ೧೭೦ ಮೀಟರ್ ದೂರದ ಗುಡ್ಡಕ್ಕೆ ತಾಗಿದ ಮಾತು ಒಂದು ಸೆಕೆಂಡಿನ ನಂತರ ಮರಳಿ ಬಂದು ಮುಂದಿನ ಪದದ ಮೇಲೆ ಬೀಳುತ್ತದೆ. ಇಲ್ಲಿ ಧ್ವನಿಯನ್ನು ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಜೀಪನ್ನು ನಿಲ್ಲಿಸಿ, ಹಾರ್ನನ್ನು ಮನೆಗಳ ಕಡೆಗೆ ತಿರುಗಿಸಿ, ಪದಗಳ ನಡುವೆ ಬಿಡುವು ಕೊಟ್ಟು ನಿಧಾನವಾಗಿ ನುಡಿಯುವುದೊಂದೇ ಉಪಾಯ.

ಕಿವಿ, ಕಾಡು ಮತ್ತು ಕಾನೂನು

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು ೨೦೦೦ದಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ಸಂಬಂಧಪಟ್ಟ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕವನ್ನು ಬಳಸುವಂತಿಲ್ಲ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಬಳಕೆ ನಿಷಿದ್ಧ. ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಪರಿಮಿತಿ. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವೆಂದು ಘೋಷಿತವಾದಲ್ಲಿ ಹಗಲು ೫೦, ರಾತ್ರಿ ೪೦. ಸುಪ್ರೀಂ ಕೋರ್ಟು ೨೦೦೫ರ ಜುಲೈ ತಿಂಗಳ ತೀರ್ಪಿನಲ್ಲಿ, ಒಬ್ಬನ ಶಬ್ದವನ್ನು ಒಲ್ಲದವನ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ನಿಲುವನ್ನು ದೃಢಪಡಿಸಿತು. ವಾಹನದ ಮೈಕಟ್ಟನ್ನು ನೋಂದಣಿ ಪತ್ರದ ವಿವರಕ್ಕೆ ಭಿನ್ನವಾಗಿ ಬದಲಿಸುವುದನ್ನು ೧೯೮೮ರ ಮೋಟಾರು ವಾಹನಗಳ ಅಧಿನಿಯಮವು ತಡೆಯುತ್ತದೆಂಬುದನ್ನೂ ಚಾವಣಿಯ ಮೇಲೆ ಹಾರ್ನು ಕಟ್ಟುವವರು ನೆನಪಿನಲ್ಲಿಡಬೇಕು.

ಕಾನೂನಿಗಿಂತ ಮೊದಲು ಬರುವುದು ಕೇಳುವವನ ಕಿವಿ. ದಿನಕ್ಕೆ ಎಂಟು ಗಂಟೆ ೮೫ ಡೆಸಿಬೆಲ್ ಎಂಬುದು ತಜ್ಞರು ಒಪ್ಪಿದ ಸುರಕ್ಷಿತ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ ೧೦೦ ಡೆಸಿಬೆಲನ್ನು ತಾಳಬಹುದಾದದ್ದು ಕಾಲು ಗಂಟೆ ಮಾತ್ರ. ಜೀಪಿನ ಹಿಂದಿನ ಆಸನದಲ್ಲಿ ಸ್ಪೀಕರಿಗೆ ಕಿವಿಯೊಡ್ಡಿ ಕುಳಿತ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಬಾರದು.

ಇನ್ನೊಂದು ಮಾತು ಚಾಲಕರಿಗೆ. ಆಗುಂಬೆಯ ಘಾಟಿಯ ಕಡಿದಾದ ತಿರುವುಗಳಲ್ಲಿ ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವ ಮೊದಲು ಅದರ ಹಾರ್ನು ಕಿವಿಗೆ ಕೇಳಿಸಬೇಕು. ಮಂಜು ಮುಸುಕಿದಾಗ ಕಿವಿಯೇ ಕಣ್ಣು. ಒಳಗಿನ ಸಂಗೀತ ಆ ಸೂಚನೆಯನ್ನು ನುಂಗಿಹಾಕಿದರೆ ಎಷ್ಟು ಉತ್ತಮವಾದ ಸ್ಪೀಕರಾದರೂ ಅದು ಅಪಾಯದ ವಸ್ತುವೇ. ಸೋಮೇಶ್ವರದಿಂದ ಘಟ್ಟವನ್ನು ಏರುವ ಈ ಹಾದಿ ೧೯೭೪ರಲ್ಲಿ ಘೋಷಿತವಾದ ಸೋಮೇಶ್ವರ ಅಭಯಾರಣ್ಯದ ನಡುವೆ ಹಾದುಹೋಗುತ್ತದೆ. ಅಲ್ಲಿಯ ಸಿಂಗಳೀಕಗಳು ದಟ್ಟವಾದ ಮರಗಳ ನಡುವೆ ಕೂಗಿನಿಂದಲೇ ಪರಸ್ಪರ ಸಂಪರ್ಕವಿಟ್ಟುಕೊಳ್ಳುವ ಜೀವಿಗಳು. ಆ ಕಾಡಿನೊಳಗೆ ಧ್ವನಿವರ್ಧಕದ ತಿರುಪನ್ನು ಸೊನ್ನೆಗೆ ಇಳಿಸುವುದೇ ಸೌಜನ್ಯ.

ಉಪಸಂಹಾರ

ಮೇಲಿನ ವಿವರಗಳನ್ನು ಒಟ್ಟುಗೂಡಿಸಿದರೆ ಒಂದೇ ತತ್ತ್ವ ಎದ್ದುಕಾಣುತ್ತದೆ. ಗುಡ್ಡದ ಜೀಪಿನ ಧ್ವನಿವ್ಯವಸ್ಥೆಯ ಬೆಲೆಯನ್ನು ಅದು ಎಷ್ಟು ಗಟ್ಟಿಯಾಗಿ ಕೂಗುತ್ತದೆಂಬುದರಿಂದ ಅಳೆಯಲಾಗದು. ಎಷ್ಟು ಕಡಿಮೆ ಶಬ್ದದಲ್ಲಿ ಎಷ್ಟು ಅರ್ಥವನ್ನು ಮುಟ್ಟಿಸುತ್ತದೆಂಬುದರಿಂದ ಅಳೆಯಬೇಕು. ಸಂಸ್ಥೆಗೆ ಮೈಕ್ ಸೆಟ್ ನೀಡಬಯಸುವ ದಾನಿಗಳು ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗದೆ, ಸಾಧಾರಣ ಶಕ್ತಿಯ ಆಂಪ್ಲಿಫೈಯರು, ಉತ್ತಮ ಸಾಮರ್ಥ್ಯದ ಸ್ಪೀಕರು, ದಪ್ಪನೆಯ ತಾಮ್ರದ ತಂತಿ, ಸರಿಯಾದ ಸ್ಥಾನದಲ್ಲಿ ಒಂದು ಫ್ಯೂಸು ಇವಿಷ್ಟನ್ನು ಕೂಡಿಸಿ ಕೊಟ್ಟರೆ ಅದು ಹತ್ತಾರು ಮಳೆಗಾಲಗಳನ್ನು ಕಂಡೀತು. ಅಧ್ಯಾಪಕರು ಅದನ್ನು ವರ್ಷಕ್ಕೆರಡು ಬಾರಿ ಬಿಚ್ಚಿ ಬಿಗಿದು, ಹೇಳುವ ಮಾತನ್ನು ಮೊದಲೇ ಬರೆದಿಟ್ಟುಕೊಂಡು ಬಳಸಬೇಕು. ಊರಿಗೆ ನಿಜವಾಗಿ ಎಚ್ಚರಿಕೆ ಕೊಡಬೇಕಾದ ದಿನ ಬಂದಾಗ ಜನ ಆ ಧ್ವನಿಗೆ ಕಿವಿಗೊಡಬೇಕಾದರೆ, ಉಳಿದ ದಿನಗಳಲ್ಲಿ ಅದು ಅವರ ಕಿವಿಯನ್ನು ನೋಯಿಸಿರಬಾರದು.